ಹೊಸ ಬ್ರೌಸರ್ ಹಾಕಿಕೊಳ್ಳಲಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಬ್ರೌಸರ್ ಬಂತು ಅಂದರೆ ಅವತ್ತೇ ಇಳಿಸಿಕೊಂಡು ನೋಡುವ ಚಟ ನನಗೆ. ಇದು ಗೊತ್ತಿರುವ ನೆಂಟರು, ಆಫೀಸಿನವರು, ಅವರ ಪರಿಚಯದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಇವು ನನ್ನ ಅಭಿಪ್ರಾಯಗಳು. ಯಾವ ಕಂಪನಿಯೂ ದುಡ್ಡು ಕೊಟ್ಟಿಲ್ಲ, ಕೊಡುವ ಹಾಗೂ ಕಾಣುತ್ತಿಲ್ಲ.

ಕ್ರೋಮ್ ಚೆನ್ನಾಗೇ ಇದೆಯಲ್ಲ, ಇನ್ನೊಂದು ಯಾಕೆ?

ಬೇಡ ಅನ್ನಿಸಿದರೆ ಬೇಡ. 2008ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬಂದಾಗ ಬದಲಾಯಿಸಲು ದೊಡ್ಡ ಕಾರಣ ಇತ್ತು. ಒಂದು ಟ್ಯಾಬ್ ಕೈಕೊಟ್ಟರೂ ಉಳಿದವು ನಡೆಯುತ್ತಿದ್ದವು, ಪುಟಗಳು ಬೇಗ ತೆರೆಯುತ್ತಿದ್ದವು. ಇವತ್ತು ವೇಗದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಯಾವುದರಲ್ಲೂ ಇಲ್ಲ. ‘ನಮ್ಮದೇ ಫಾಸ್ಟ್’ ಅನ್ನುವ ಜಾಹೀರಾತನ್ನು ಪಕ್ಕಕ್ಕಿಡಿ.

ಹೊಸ ಬ್ರೌಸರ್ ಸಿಕ್ಕಾಗ ನಾನು ಕೇಳಿಕೊಳ್ಳುವುದು ಎರಡೇ. ಇದನ್ನು ಮಾಡಿದವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ನಾನು ಲಾಗಿನ್ ಆಗಿರುವ ಕಡೆಯೆಲ್ಲ ಇದು ಏನೇನು ಮಾಡಬಲ್ಲದು? ಬಣ್ಣ, ಥೀಮ್, ದುಂಡಗಿನ ಟ್ಯಾಬ್ ಎಲ್ಲ ಆಮೇಲೆ.

ಈ ಹೊಸ ಬ್ರೌಸರ್‌ಗಳು ನಿಜಕ್ಕೂ ಹೊಸವಾ?

ಬಹುಪಾಲು ಅಲ್ಲ. ಬ್ರೌಸರ್‌ನ ಒಳಗೆ ಎಂಜಿನ್ ಅಂತ ಒಂದಿರುತ್ತದೆ. ಜಾಲತಾಣ ಕಳಿಸಿದ ಕೋಡನ್ನು ಓದಿ ಪರದೆಯ ಮೇಲೆ ಪುಟ ಬಿಡಿಸುವುದು ಅದರ ಕೆಲಸ. ಇವತ್ತು ಜನ ಬಳಸುವ ಎಂಜಿನ್ ಮೂರೇ ಮೂರು: ಗೂಗಲ್‌ನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕೊ. ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಆರ್ಕ್, ಕಾಮೆಟ್, ಅಟ್ಲಾಸ್ ಎಲ್ಲವೂ ಗೂಗಲ್ ಬಿಟ್ಟಿಯಾಗಿ ಕೊಟ್ಟಿರುವ ಕ್ರೋಮಿಯಂ (ಬ್ಲಿಂಕ್ ಸೇರಿದಂತೆ ಕ್ರೋಮ್‌ನ ಮೂಲ ಕೋಡ್) ಮೇಲೆ ಕಟ್ಟಿದವು. ಬೋರ್ಡು ಬೇರೆ ಬೇರೆ, ಅಡುಗೆಮನೆ ಒಂದೇ.

ಮೊದಲು ಹೀಗಿರಲಿಲ್ಲ. ನಾರ್ವೆಯ ಒಪೆರಾಗೆ ಪ್ರೆಸ್ಟೊ ಅಂತ ಸ್ವಂತ ಎಂಜಿನ್ ಇತ್ತು, 2013ರಲ್ಲಿ ಕೈಬಿಟ್ಟರು. ಅದೇ ವರ್ಷ ಗೂಗಲ್ ವೆಬ್‌ಕಿಟ್‌ನಿಂದ ಕವಲೊಡೆದು ಬ್ಲಿಂಕ್ ಮಾಡಿಕೊಂಡಿತು. ಮೈಕ್ರೋಸಾಫ್ಟ್ ಕೂಡ ತನ್ನದನ್ನು ಬಿಟ್ಟು 2020ರ ಜನವರಿಯಲ್ಲಿ ಕ್ರೋಮಿಯಂ ಎಡ್ಜ್ ತಂದಿತು. ಅಷ್ಟು ದುಡ್ಡಿರುವ ಕಂಪನಿಗೇ ಸಾಕಾಗಿಹೋಯಿತು ಅಂದರೆ ಎಂಜಿನ್ ಬರೆಯುವ ಕಷ್ಟ ಎಷ್ಟು ಅಂತ ಊಹಿಸಿ.

ಇದರಿಂದ ನಮಗೆ ಅನುಕೂಲವೂ ಇದೆ. ಕ್ರೋಮ್‌ನಲ್ಲಿ ನಡೆಯುವ ತಾಣ ಇವೆಲ್ಲದರಲ್ಲೂ ನಡೆಯುತ್ತದೆ, ಕ್ರೋಮ್ ಎಕ್ಸ್‌ಟೆನ್ಶನ್‌ಗಳೂ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಹೆಚ್ಚಿನವು ನಡೆಯುತ್ತವೆ. ತೊಂದರೆ ಏನಪ್ಪಾ ಅಂದರೆ, ವೆಬ್ ಹೇಗಿರಬೇಕು ಅನ್ನುವುದನ್ನು ಒಂದೇ ಕಂಪನಿ ತೀರ್ಮಾನಿಸುವ ಹಾಗಾಗಿದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್‌ಗಳ ಕಥೆಯೇ ಇದಕ್ಕೆ ಸಾಕ್ಷಿ. ಅದು ಮುಂದೆ ಬರುತ್ತದೆ.

ಯಾರೂ ಮೊದಲಿಂದ ಬರೆಯುತ್ತಿಲ್ಲವಾ?

ಬರೆಯುತ್ತಿದ್ದಾರೆ. ಲೇಡಿಬರ್ಡ್ ಅಂತ ಒಂದಿದೆ. ಆಂಡ್ರಿಯಾಸ್ ಕ್ಲಿಂಗ್ ಎಂಬ ಸ್ವೀಡನ್ನಿನ ಪ್ರೋಗ್ರಾಮರ್ ತನ್ನ ಹವ್ಯಾಸಕ್ಕೆಂದು ಶುರು ಮಾಡಿದ ಸೆರೆನಿಟಿ ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಒಂದು ತುಣುಕಾಗಿ ಹುಟ್ಟಿದ್ದು. 2024ರಲ್ಲಿ ಅದಕ್ಕೆ ಲಾಭರಹಿತ ಸಂಸ್ಥೆಯೊಂದು ಆಯಿತು. ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ವಾನ್‌ಸ್ಟ್ರಾತ್ 10 ಲಕ್ಷ ಡಾಲರ್ ಕೊಟ್ಟರು. ಡೆವಲಪರ್‌ಗಳಿಗಾಗಿ ಆಲ್ಫಾ ಆವೃತ್ತಿಗೆ, ಅಂದರೆ ಪರೀಕ್ಷೆಗೆ ಕೊಡುವ ಮೊದಲ ಆವೃತ್ತಿಗೆ, ಅವರು ಇಟ್ಟುಕೊಂಡ ಗುರಿ 2026. ಸರ್ಚ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ದುಡ್ಡು ಮಾಡುವುದಿಲ್ಲ ಅಂತ ಮೊದಲೇ ಹೇಳಿದ್ದಾರೆ. ಮೊಜಿಲ್ಲಾದಲ್ಲಿ ಹುಟ್ಟಿ ಈಗ ಲಿನಕ್ಸ್ ಫೌಂಡೇಶನ್ ಯುರೋಪ್ ಆಶ್ರಯದಲ್ಲಿರುವ ಸರ್ವೊ ಇನ್ನೊಂದು. ಎರಡನ್ನೂ ಕುತೂಹಲಕ್ಕೆ ನೋಡಬಹುದು. ದಿನದ ಕೆಲಸಕ್ಕೆ ಈಗಲೇ ಬೇಡ.

ಆರ್ಕ್ ಬಗ್ಗೆ ಅಷ್ಟೊಂದು ಹೇಳುತ್ತಿದ್ದಿರಿ, ಏನಾಯಿತು?

ನಾನು ಮನಸಾರೆ ಇಷ್ಟಪಟ್ಟ ಬ್ರೌಸರ್ ಅದು. ನ್ಯೂಯಾರ್ಕಿನ ದಿ ಬ್ರೌಸರ್ ಕಂಪನಿ 2023ರ ಜುಲೈನಲ್ಲಿ ಮ್ಯಾಕ್‌ಗೆ ಬಿಟ್ಟಿತು. ಟ್ಯಾಬ್‌ಗಳು ಮೇಲಿನ ಬದಲು ಎಡಗಡೆ ಒಂದರ ಕೆಳಗೊಂದು ಇರುತ್ತಿದ್ದವು. ಮುಟ್ಟದೇ ಬಿಟ್ಟ ಟ್ಯಾಬ್ 12 ಗಂಟೆಯ ನಂತರ ತಾನಾಗಿ ಮರೆಗೆ ಹೋಗುತ್ತಿತ್ತು. ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಬೆಳಿಗ್ಗೆ ಖಾಲಿ ಪಟ್ಟಿ ನೋಡುವುದೇ ಒಂದು ಸುಖ ಆಗಿಹೋಯಿತು. ಆಫೀಸಿಗೆ ಒಂದು ‘ಸ್ಪೇಸ್’, ಮನೆಗೆ ಒಂದು. ಪಕ್ಕಕ್ಕೆ ಸವರಿದರೆ ಇಡೀ ಪಟ್ಟಿಯೇ ಬದಲು.

ಆದರೆ ಕಲಿಯುವುದು ತುಂಬಾ ಇತ್ತು. ಜನಸಾಮಾನ್ಯರಿಗೆ ಹಿಡಿಸಲಿಲ್ಲ. ಕಂಪನಿಯೇ ಅದನ್ನು ಒಪ್ಪಿಕೊಂಡು ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿತು, ಡಿಯಾ ಅಂತ ಎಐ ಬ್ರೌಸರ್ ಕಡೆ ಹೊರಳಿತು. 2025ರ ಸೆಪ್ಟೆಂಬರ್‌ನಲ್ಲಿ ಅಟ್ಲಾಸಿಯನ್ ಎಂಬ ಸಾಫ್ಟ್‌ವೇರ್ ಕಂಪನಿ 61 ಕೋಟಿ ಡಾಲರ್‌ಗೆ ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿತು. ಆರ್ಕ್ ಈಗಲೂ ತೆರೆಯುತ್ತದೆ, ಭದ್ರತಾ ಅಪ್‌ಡೇಟ್ ಬರುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಮಾತ್ರ ನಾನು ಹೇಳುವುದಿಲ್ಲ. ಆ ಎಡಗಡೆಯ ಟ್ಯಾಬ್ ರುಚಿ ಬೇಕಿದ್ದರೆ ಫೈರ್‌ಫಾಕ್ಸ್ ಮೇಲೆ ಕಟ್ಟಿರುವ ಜೆನ್ ನೋಡಿ. ಫೈರ್‌ಫಾಕ್ಸ್, ಎಡ್ಜ್, ವಿವಾಲ್ಡಿಯಲ್ಲೂ ಆ ಸೌಲಭ್ಯ ಇದೆ.

ಎಐ ಬ್ರೌಸರ್ ಅಂದರೇನು?

ಪರ್ಪ್ಲೆಕ್ಸಿಟಿ ಎಂಬ ಎಐ ಸರ್ಚ್ ಕಂಪನಿಯ ಕಾಮೆಟ್, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನ ಅಟ್ಲಾಸ್, ಈಗ ಹೇಳಿದ ಡಿಯಾ. ಮೂರೂ 2025ರಲ್ಲಿ ಬಂದವು. ಬಲಗಡೆ ಒಂದು ಚಾಟ್ ಪಟ್ಟಿ ಇರುತ್ತದೆ. ತೆರೆದಿರುವ ಪುಟದ ಬಗ್ಗೆ ಅಲ್ಲೇ ಕೇಳಬಹುದು. ‘ಇದರ ಸಾರಾಂಶ ಕೊಡು’, ‘ಈ ನಾಲ್ಕು ಟ್ಯಾಬ್‌ಗಳಲ್ಲಿರುವ ಫ್ರಿಜ್‌ಗಳಲ್ಲಿ ಯಾವುದಕ್ಕೆ ಕರೆಂಟ್ ಕಡಿಮೆ?’ ಅನ್ನಬಹುದು. ಇದು ನಿಜಕ್ಕೂ ಉಪಯೋಗ. ಉದ್ದನೆಯ ವಿಮೆ ಪಾಲಿಸಿ ತೆರೆದು ‘ಯಾವುದಕ್ಕೆ ಕ್ಲೇಮ್ ಸಿಗಲ್ಲ?’ ಅಂತ ಕೇಳಿದರೆ ಬೇಕಾದ ಸಾಲುಗಳ ಹತ್ತಿರ ಕರೆದೊಯ್ಯುತ್ತದೆ. ಆ ಸಾಲನ್ನು ನೀವೇ ಓದಿಕೊಳ್ಳಬೇಕು, ಅದೊಂದನ್ನು ಬಿಡಬೇಡಿ.

ಎರಡನೆಯದು ‘ಏಜೆಂಟ್’. ಅಂದರೆ ನಿಮ್ಮ ಬದಲು ಅದೇ ಕ್ಲಿಕ್ ಮಾಡುತ್ತದೆ. ಒಂದು ಎಐ ಬ್ರೌಸರ್‌ಗೆ ‘ಶುಕ್ರವಾರ ರಾತ್ರಿ ಬೆಂಗಳೂರಿಂದ ಹುಬ್ಬಳ್ಳಿಗೆ ಸ್ಲೀಪರ್ ಬಸ್ ಹುಡುಕು, ಕೆಳಗಿನ ಬರ್ತ್ ಇರಲಿ’ ಅಂದೆ. ತಾಣ ತೆರೆಯಿತು, ಊರಿನ ಹೆಸರು ಟೈಪ್ ಮಾಡಿತು, ಕ್ಯಾಲೆಂಡರ್ ತೆಗೆದು ತಾರೀಕಿನ ಮೇಲೆ ಒತ್ತಿತು. ಪರದೆಯ ಮೇಲೆ ಬಾಣ ತಾನೇ ಓಡಾಡುವುದನ್ನು ನೋಡಲು ಮಜಾ ಇದೆ. ಆಮೇಲೆ ಆಫರ್ ಕೂಪನ್ನಿನ ಪೆಟ್ಟಿಗೆಯೊಂದು ಅಡ್ಡ ಬಂತು. ಅದನ್ನು ಮುಚ್ಚುವ ಗುರುತು ಅದಕ್ಕೆ ಸಿಗಲೇ ಇಲ್ಲ. ಸುತ್ತಿ ಬಳಸಿ ಮತ್ತೆ ಮೊದಲ ಪುಟಕ್ಕೇ ಹೋಯಿತು. ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ಟಿಕೆಟ್ ತೆಗೆದಾಗಿತ್ತು.

ಓದುವುದಕ್ಕೆ ಒಳ್ಳೆಯ ಸಹಾಯಕ, ಮಾಡುವುದಕ್ಕೆ ಇನ್ನೂ ಕೂಸು. ಸದ್ಯಕ್ಕೆ ನನ್ನ ತೀರ್ಪು ಇಷ್ಟು.

ಅವು ಸುರಕ್ಷಿತವಾ? ಬ್ಯಾಂಕ್ ಕೆಲಸ ಮಾಡಬಹುದಾ?

ಬ್ಯಾಂಕ್ ಕೆಲಸ ಬೇಡ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಎಐಗೆ ನೀವು ಕೊಡುವ ಆಜ್ಞೆಯೂ ಪಠ್ಯವೇ, ಅದು ಓದುವ ಪುಟವೂ ಪಠ್ಯವೇ. ಯಾವುದು ಯಜಮಾನನ ಮಾತು, ಯಾವುದು ಪುಟದಲ್ಲಿ ಯಾರೋ ಬರೆದಿದ್ದು ಅಂತ ಅದು ಪ್ರತಿ ಸಲ ಸರಿಯಾಗಿ ಬೇರೆ ಮಾಡುವುದಿಲ್ಲ. ಈ ಗೊಂದಲವನ್ನು ಬಳಸಿಕೊಂಡು ಪುಟದೊಳಗೆ ಆಜ್ಞೆ ತೂರಿಸುವುದನ್ನು ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರೆ. 2025ರ ಆಗಸ್ಟ್‌ನಲ್ಲಿ ಬ್ರೇವ್ ಕಂಪನಿಯ ಸಂಶೋಧಕರು ಕಾಮೆಟ್ ಮೇಲೆ ಇದನ್ನು ಮಾಡಿ ತೋರಿಸಿದರು. ರೆಡ್ಡಿಟ್‌ನ ಒಂದು ಕಾಮೆಂಟಿನಲ್ಲಿ ಮರೆಮಾಡಿದ ಆಜ್ಞೆಗಳನ್ನು ಬರೆದಿಟ್ಟರು. ಬಳಕೆದಾರ ಮಾಡಿದ್ದು ಒಂದೇ: ‘ಈ ಪುಟದ ಸಾರಾಂಶ ಕೊಡು’ ಅನ್ನುವ ಗುಂಡಿ ಒತ್ತಿದ. ಎಐ ಆ ಕಾಮೆಂಟ್ ಓದಿತು, ಅದನ್ನೇ ಆಜ್ಞೆ ಅಂದುಕೊಂಡಿತು. ಪರ್ಪ್ಲೆಕ್ಸಿಟಿ ಖಾತೆಯ ಪುಟಕ್ಕೆ ಹೋಗಿ ಇಮೇಲ್ ವಿಳಾಸ ತೆಗೆದುಕೊಂಡಿತು. ಆ ವಿಳಾಸಕ್ಕೆ ಓಟಿಪಿ ಬರುವ ಹಾಗೆ ಮಾಡಿತು. ಲಾಗಿನ್ ಆಗಿದ್ದ ಜಿಮೇಲ್ ತೆರೆದು ಓಟಿಪಿ ಓದಿತು. ಎರಡನ್ನೂ ಅದೇ ಕಾಮೆಂಟಿಗೆ ಉತ್ತರವಾಗಿ ಹಾಕಿತು. ಯಾರಾದರೂ ಬಂದು ಓದಿಕೊಳ್ಳಲಿ ಅಂತ!

ಬ್ರೇವ್ ಕೂಡ ಪ್ರತಿಸ್ಪರ್ಧಿಯೇ, ಅವರಿಗೂ ಲಾಭ ಇದೆ, ಒಪ್ಪಿದೆ. ಆದರೆ ಸಮಸ್ಯೆ ಕಾಮೆಟ್ ಒಂದರದ್ದಲ್ಲ. ಅಟ್ಲಾಸ್ ಬಂದಾಗ ಓಪನ್‌ಎಐನ ಭದ್ರತಾ ಮುಖ್ಯಸ್ಥರೇ ಇದಿನ್ನೂ ಬಗೆಹರಿಯದ ಸಮಸ್ಯೆ ಅಂತ ಬರೆದರು.

ನಾವು ‘ಓಟಿಪಿ ಯಾರಿಗೂ ಹೇಳಬೇಡಿ’ ಅಂತ ಮನೆಮಂದಿಗೆಲ್ಲ ಹೇಳಿಕೊಟ್ಟಿದ್ದೇವೆ. ಇಲ್ಲಿ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಹಾಗಾಗಿ ನನ್ನ ಪದ್ಧತಿ ಹೀಗೆ: ಎಐ ಬ್ರೌಸರ್‌ನಲ್ಲಿ ಬ್ಯಾಂಕ್, ಮುಖ್ಯ ಇಮೇಲ್, ಡಿಜಿಲಾಕರ್ ಯಾವುದಕ್ಕೂ ಲಾಗಿನ್ ಆಗುವುದಿಲ್ಲ. ಅಟ್ಲಾಸ್‌ನಲ್ಲಿ ಏಜೆಂಟನ್ನು ಲಾಗಿನ್ ಇಲ್ಲದೆ ಓಡಿಸುವ ಆಯ್ಕೆ ಇದೆ, ಅದನ್ನೇ ಬಳಸಿ. ದುಡ್ಡಿನ ಕೆಲಸಕ್ಕೆ ಎಕ್ಸ್‌ಟೆನ್ಶನ್ ಏನೂ ಹಾಕದ ಇನ್ನೊಂದು ಬ್ರೌಸರ್ ಇಟ್ಟುಕೊಳ್ಳಿ. ಎರಡು ಬ್ರೌಸರ್ ಇಟ್ಟುಕೊಳ್ಳಲು ಖರ್ಚೇನೂ ಇಲ್ಲವಲ್ಲ.

ಸಿಮ್ ಜೊತೆ ಎಐ ಫ್ರೀ ಕೊಡುತ್ತಿದ್ದಾರೆ. ಅವರಿಗೇನು ಲಾಭ?

2025ರ ಜುಲೈನಲ್ಲಿ ಏರ್‌ಟೆಲ್ ಗ್ರಾಹಕರಿಗೆ ಪರ್ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಉಚಿತ ಅಂದರು. ಅಕ್ಟೋಬರ್ ಕೊನೆಗೆ ಜಿಯೊ ಗ್ರಾಹಕರಿಗೆ ಜೆಮಿನಿ ಪ್ರೊ 18 ತಿಂಗಳು ಉಚಿತ ಅಂತ ಬಂತು. ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಗೋ ಭಾರತದಲ್ಲಿ ಒಂದು ವರ್ಷ ಉಚಿತ ಆಯಿತು. ಕಾಮೆಟ್ ಶುರುವಿನಲ್ಲಿ ತಿಂಗಳಿಗೆ 200 ಡಾಲರ್ ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ಮೂರು ತಿಂಗಳೊಳಗೆ ಎಲ್ಲರಿಗೂ ಬಿಟ್ಟಿ.

ಅವರಿಗೆ ಬೇಕಿರುವುದು ನಮ್ಮ ಅಭ್ಯಾಸ. ಒಂದು ವರ್ಷ ಕೈಗೆ ರೂಢಿಯಾದದ್ದನ್ನು ಬಿಡುವುದು ಕಷ್ಟ. ಬಳಸಿ, ತಪ್ಪೇನಿಲ್ಲ. ಕಾರ್ಡ್ ಅಥವಾ ಯುಪಿಐ ಆಟೊಪೇ ಕೇಳಿದರೆ ಆಫರ್ ಮುಗಿಯುವ ತಾರೀಕನ್ನು ಮೊಬೈಲ್ ಕ್ಯಾಲೆಂಡರಿನಲ್ಲಿ ಹಾಕಿಟ್ಟುಕೊಳ್ಳಿ. ನಿಮ್ಮ ಮಾತುಕತೆಯನ್ನು ತರಬೇತಿಗೆ ಬಳಸುವ ಸೆಟ್ಟಿಂಗ್ ಇದ್ದರೆ ಮೊದಲ ದಿನವೇ ಆಫ್ ಮಾಡಿ.

ಕ್ರೋಮ್‌ನಲ್ಲಿ ನನ್ನ ಆ್ಯಡ್‌ಬ್ಲಾಕರ್ ಮಾಯವಾಯಿತು. ಯಾಕೆ?

ಯುಬ್ಲಾಕ್ ಒರಿಜಿನ್ ಇತ್ತು ಅಲ್ವಾ? ಅದು ಕೆಟ್ಟಿದ್ದಲ್ಲ, ಕ್ರೋಮ್ ಬಾಗಿಲು ಹಾಕಿತು. ಮೊದಲು ಬ್ರೌಸರ್ ಕಳಿಸುವ ಪ್ರತಿಯೊಂದು ಕೋರಿಕೆಯನ್ನೂ ಎಕ್ಸ್‌ಟೆನ್ಶನ್ ನೋಡಿ ‘ಇದು ಜಾಹೀರಾತು, ಬಿಡಬೇಡ’ ಅನ್ನಬಹುದಿತ್ತು. ಮ್ಯಾನಿಫೆಸ್ಟ್ ವಿ3 ಅನ್ನುವ ಹೊಸ ನಿಯಮದಲ್ಲಿ ಎಕ್ಸ್‌ಟೆನ್ಶನ್ ಮೊದಲೇ ಒಂದು ಪಟ್ಟಿ ಕೊಟ್ಟು ಸುಮ್ಮನಿರಬೇಕು. ತಡೆಯುವ ಕೆಲಸ ಬ್ರೌಸರ್‌ನದು. ಭದ್ರತೆಗಾಗಿ ಅಂತ ಗೂಗಲ್ ಹೇಳುತ್ತದೆ. ಆ ವಾದದಲ್ಲಿ ಹುರುಳಿದೆ, ಏಕೆಂದರೆ ಕೆಟ್ಟ ಎಕ್ಸ್‌ಟೆನ್ಶನ್ ಕೂಡ ಅದೇ ದಾರಿಯಲ್ಲಿ ಎಲ್ಲವನ್ನೂ ಕದ್ದು ನೋಡಬಹುದು. ಆದರೆ ಈ ಮಾತು ಹೇಳುತ್ತಿರುವವರ ಆದಾಯವೇ ಜಾಹೀರಾತು. ಅನುಮಾನ ಪಡಬೇಡಿ ಅಂದರೆ ಹೇಗೆ?

ಪರಿಹಾರ ಎರಡು. ಕ್ರೋಮ್‌ನಲ್ಲೇ ಇರುವುದಾದರೆ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿ, ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಪೂರ್ತಿ ಬೇಕಿದ್ದರೆ ಫೈರ್‌ಫಾಕ್ಸ್‌ಗೆ ಬನ್ನಿ. ಅದು ಹಳೆಯ ದಾರಿಯನ್ನು ಮುಚ್ಚಿಲ್ಲ, ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ.

ಬ್ರೇವ್ ಹೇಗೆ?

ಹಾಕಿದ ಕೂಡಲೇ ಜಾಹೀರಾತು ಕಾಣೆ, ಏನೂ ಕಲಿಯಬೇಕಿಲ್ಲ. ಮಾಡಿದ್ದು ಜಾವಾಸ್ಕ್ರಿಪ್ಟ್ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆ ಹುಟ್ಟುಹಾಕಿದ ಬ್ರೆಂಡನ್ ಐಕ್ ಅವರ ಕಂಪನಿ. ಕ್ರಿಪ್ಟೊ ವ್ಯಾಲೆಟ್, ನಾಣ್ಯ ಎಲ್ಲ ತುರುಕಿದ್ದಾರೆ, ನನಗೆ ಅದು ಕಿರಿಕಿರಿ. 2020ರಲ್ಲಿ ಕ್ರಿಪ್ಟೊ ತಾಣದ ವಿಳಾಸ ಟೈಪ್ ಮಾಡಿದಾಗ ತಮಗೆ ಕಮಿಷನ್ ಬರುವ ಕೊಂಡಿಯನ್ನು ಸದ್ದಿಲ್ಲದೆ ಸೇರಿಸುತ್ತಿದ್ದದ್ದು ಬಯಲಾಯಿತು. ಐಕ್ ತಪ್ಪೊಪ್ಪಿಕೊಂಡು ತೆಗೆದರು. ಆದರೂ ಮನೆಯ ಹಿರಿಯರ ಲ್ಯಾಪ್‌ಟಾಪಿಗೆ ನಾನು ಹಾಕಿಕೊಡುವುದು ಇದನ್ನೇ. ಕ್ರಿಪ್ಟೊ ಗುಂಡಿಗಳನ್ನೆಲ್ಲ ಮರೆಮಾಡಿ ಕೊಡುತ್ತೇನೆ.

ಫೈರ್‌ಫಾಕ್ಸ್ ಇನ್ನೂ ಬದುಕಿದೆಯಾ?

ಇದೆ. ದುಡ್ಡು ಎಲ್ಲಿಂದ ಅನ್ನುವ ನನ್ನ ಮೊದಲ ಪ್ರಶ್ನೆಗೆ ಇದರ ಉತ್ತರ ವಿಚಿತ್ರ. ಹೆಚ್ಚಿನ ಆದಾಯ ಬರುವುದು ಗೂಗಲ್‌ನಿಂದಲೇ, ಗೂಗಲ್ ಸರ್ಚನ್ನು ಡಿಫಾಲ್ಟ್ ಆಗಿ ಇಟ್ಟಿದ್ದಕ್ಕೆ. ಇದೇ ಕಾರಣಕ್ಕೆ ಗೂಗಲ್ 2022ರಲ್ಲಿ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟದ್ದು ಅಮೆರಿಕದ ಕೋರ್ಟಿನಲ್ಲಿ ಹೊರಬಂತು. ಸರ್ಚ್‌ನಲ್ಲಿ ಗೂಗಲ್‌ನ ಏಕಸ್ವಾಮ್ಯದ ವಿರುದ್ಧ ನಡೆದ ಆ ಮೊಕದ್ದಮೆಯಲ್ಲಿ ಕ್ರೋಮನ್ನು ಮಾರಿಸಬೇಕು ಅಂತ ಸರ್ಕಾರ ಕೇಳಿತು. ಆಗ ಪರ್ಪ್ಲೆಕ್ಸಿಟಿ 3,450 ಕೋಟಿ ಡಾಲರ್‌ಗೆ ನಾನೇ ತೆಗೆದುಕೊಳ್ಳುತ್ತೇನೆ ಅಂತ ಮುಂದೆ ಬಂದಿತ್ತು, ಜನ ನಕ್ಕರು. 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಮಾರುವುದು ಬೇಡ ಅಂದರು. ಡಿಫಾಲ್ಟ್‌ಗೆ ದುಡ್ಡು ಕೊಡುವುದನ್ನೂ ಪೂರ್ತಿ ನಿಲ್ಲಿಸಲಿಲ್ಲ. ಆ ತೀರ್ಪಿನಿಂದ ಫೈರ್‌ಫಾಕ್ಸ್ ಉಸಿರಾಡಿತು.

ಸ್ಪರ್ಧಿಯ ದುಡ್ಡಲ್ಲಿ ಬದುಕುವುದು ಒಳ್ಳೆಯ ಲಕ್ಷಣ ಅಲ್ಲ. ಆದರೂ ನನ್ನ ದಿನದ ಬ್ರೌಸರ್ ಇದೇ. ಕಾರಣಗಳಲ್ಲಿ ಒಂದು ಕನ್ನಡ.

ಕನ್ನಡ ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ?

ಅಕ್ಷರ ಜೋಡಿಸುವ ವಿಷಯದಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಒಂದೇ. ಒತ್ತಕ್ಷರವನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ಎರಡರಲ್ಲೂ ಹಾರ್ಫ್‌ಬಝ್ ಎಂಬ ತಂತ್ರಾಂಶದ್ದು. ಕಾಣುವುದರಲ್ಲಿ ವ್ಯತ್ಯಾಸ ಬರುವುದು ಫಾಂಟಿನಿಂದ. ಹಳೆಯ ವಿಂಡೋಸ್‌ನಲ್ಲಿ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು, ಆಂಡ್ರಾಯ್ಡ್‌ನಲ್ಲಿ ನೋಟೊ.

ಹೊಸ ಬ್ರೌಸರ್ ಬಂದ ಕೂಡಲೇ ನಾನು ಮಾಡುವ ಪರೀಕ್ಷೆ ಸರಳ. ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮ್ಯ’ ಇರುವ ಪುಟ ತೆರೆದು ಟ್ಯಾಬಿನ ಹೆಸರನ್ನು ನೋಡುತ್ತೇನೆ. ಪುಟದೊಳಗೆ ಎಲ್ಲ ಸರಿ ಇರುತ್ತದೆ. ಟ್ಯಾಬಿನಲ್ಲಿ ಮಾತ್ರ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ. ಒಂದರ ಕೆಳಗೊಂದು ಒತ್ತು ಬರುವ ಲಿಪಿಯೂ ಇದೆ ಅಂತ ವಿನ್ಯಾಸ ಮಾಡಿದವರಿಗೆ ನೆನಪಿರುವುದಿಲ್ಲ.

ಫೈರ್‌ಫಾಕ್ಸ್‌ನಲ್ಲಿ ಲಿಪಿಗೊಂದು ಫಾಂಟ್ ಆರಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್, ಅಲ್ಲಿ ಅಡ್ವಾನ್ಸ್ಡ್ ಒತ್ತಿ, ಮೇಲಿನ ಪಟ್ಟಿಯಲ್ಲಿ ಕನ್ನಡ ಆರಿಸಿ. ಉದ್ದ ಬರಹ ಓದಲು ನಾನು ನೋಟೊ ಸೆರಿಫ್ ಕನ್ನಡ ಇಟ್ಟುಕೊಂಡಿದ್ದೇನೆ, ಕಣ್ಣಿಗೆ ಹಿತ. ಕನ್ನಡ ಓದಿಸಿ ಕೇಳಬೇಕಿದ್ದರೆ ಮಾತ್ರ ಎಡ್ಜ್‌ಗೆ ಹೋಗಿ. ಅದರ ‘ಗಟ್ಟಿಯಾಗಿ ಓದು’ ಸೌಲಭ್ಯದಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿಗಳಿವೆ. ಯಂತ್ರದ ದನಿ ಅನ್ನಿಸುವುದು ಕಡಿಮೆ.

ಹಳೆಯ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದಲ್ಲ, ಅದು ಬ್ರೌಸರ್ ತಪ್ಪಲ್ಲ. ಯುನಿಕೋಡ್‌ಗಿಂತ ಹಿಂದಿನ ಫಾಂಟಿನಲ್ಲಿ ಟೈಪಾದದ್ದು. ಅಂಥ ಹಳೆಯ (ಆಸ್ಕಿ) ಫಾಂಟಿನ ಬರಹವನ್ನು ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ, ಅದರಲ್ಲಿ ಹಾಕಿ.

ನಮ್ಮ ದೇಶದ ಬ್ರೌಸರ್ ಇಲ್ಲವಾ?

ಜೋಹೊದ ಉಲಾ ಇದೆ, 2023ರಲ್ಲಿ ಬಂತು. ಕೇಂದ್ರ ಸರ್ಕಾರ ನಡೆಸಿದ ಭಾರತೀಯ ಬ್ರೌಸರ್ ಸ್ಪರ್ಧೆಯಲ್ಲಿ 2025ರಲ್ಲಿ ಗೆದ್ದು 1 ಕೋಟಿ ರೂಪಾಯಿ ಪಡೆಯಿತು. ಕೆಲಸಕ್ಕೆ, ಮನೆಗೆ, ಮಕ್ಕಳಿಗೆ ಅಂತ ಬೇರೆ ಬೇರೆ ಮೋಡ್‌ಗಳಿವೆ. ಅಚ್ಚುಕಟ್ಟಾಗಿದೆ. ಎಂಜಿನ್ ಮಾತ್ರ ಅದೇ ಕ್ರೋಮಿಯಂ.

ಇದಕ್ಕೂ ಮೊದಲು ನಮ್ಮ ಬೆಂಗಳೂರಿನದ್ದೇ ಒಂದಿತ್ತು, ನೆನಪಿದೆಯಾ? 2010ರಲ್ಲಿ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ ಎಪಿಕ್ ಬಿಟ್ಟಿತ್ತು. ಫೈರ್‌ಫಾಕ್ಸ್ ಕೋಡ್ ಮೇಲೆ ಕಟ್ಟಿದ್ದು. ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಸೌಲಭ್ಯ ಪಕ್ಕದ ಪಟ್ಟಿಯಲ್ಲೇ ಇತ್ತು. ಕನ್ನಡ ಟೈಪಿಸಲು ಪರದಾಡುತ್ತಿದ್ದ ಕಾಲಕ್ಕೆ ಅದು ದೊಡ್ಡ ವಿಷಯ. ಆಮೇಲೆ ಖಾಸಗಿತನವನ್ನೇ ಮುಖ್ಯ ಮಾಡಿಕೊಂಡು ಕ್ರೋಮಿಯಂಗೆ ಬದಲಾಯಿತು.

ಐಫೋನಿನಲ್ಲಿ ಯಾವುದು ಒಳ್ಳೆಯದು?

ಭಾರತದಲ್ಲಿ ಯಾವುದು ಹಾಕಿದರೂ ಒಳಗಿರುವುದು ಸಫಾರಿಯ ವೆಬ್‌ಕಿಟ್. ಬೇರೆ ಎಂಜಿನ್‌ಗೆ ಅವಕಾಶ ಮೊದಲು ಸಿಕ್ಕಿದ್ದು ಯುರೋಪಿನವರಿಗೆ, 2024ರಲ್ಲಿ, ಅದೂ ಕಾನೂನಿನ ಒತ್ತಡಕ್ಕೆ. ಸಫಾರಿಯಲ್ಲೇ ಇರಿ.

ಇನ್‌ಕಾಗ್ನಿಟೊದಲ್ಲಿ ಯಾರಿಗೂ ಗೊತ್ತಾಗಲ್ಲ ಅಲ್ವಾ?

ಮನೆಯವರಿಗೆ ಗೊತ್ತಾಗಲ್ಲ, ಅಷ್ಟೇ. ಇಂಟರ್ನೆಟ್ ಕಂಪನಿಗೆ, ಆಫೀಸಿಗೆ, ನೀವು ಹೋದ ತಾಣಕ್ಕೆ ಗೊತ್ತಾಗುತ್ತದೆ.

ಹೊಸ ಆನ್‌ಲೈನ್ ಸರ್ವಿಸ್‌ಗೆ ಸೇರುವ ಮೊದಲು ಏನು ನೋಡುತ್ತೀರಿ?

ಹೊರಗೆ ಬರುವ ದಾರಿ. ನನ್ನ ಮಾಹಿತಿಯನ್ನು ಇಳಿಸಿಕೊಳ್ಳುವ ಗುಂಡಿ ಸೆಟ್ಟಿಂಗ್ಸ್‌ನಲ್ಲಿ ಇದೆಯಾ ಅಂತ ಮೊದಲು ಹುಡುಕುತ್ತೇನೆ. ಆರ್ಕುಟ್ 2014ರಲ್ಲಿ ಹೋಯಿತು, ಗೂಗಲ್ ರೀಡರ್ 2013ರಲ್ಲೇ ಹೋಗಿತ್ತು. 2025ರ ಮೇನಲ್ಲಿ ಸ್ಕೈಪ್ ಮುಚ್ಚಿತು, ಜುಲೈನಲ್ಲಿ ಪಾಕೆಟ್. ಓದಬೇಕೆಂದು ವರ್ಷಗಟ್ಟಲೆ ಕೂಡಿಟ್ಟ ಲೇಖನಗಳ ಪಟ್ಟಿ ಹೊತ್ತುಕೊಂಡು ಜನ ಜಾಗ ಹುಡುಕುವ ಹಾಗಾಯಿತು.

ಎರಡನೆಯದು ಬೆಲೆ. ದುಡ್ಡು ಕೇಳುವ ಸರ್ವಿಸ್ ಮೇಲೆ ನನಗೆ ನಂಬಿಕೆ ಜಾಸ್ತಿ. ಕಾಗಿ ಎಂಬ ಸರ್ಚ್ ಎಂಜಿನ್ ಜಾಹೀರಾತಿಲ್ಲದೆ ಚಂದಾ ದುಡ್ಡಿನಲ್ಲೇ ನಡೆಯುತ್ತದೆ. ಫಲಿತಾಂಶ ಶುದ್ಧವಾಗಿರುತ್ತದೆ. ಆದರೆ ತಿಂಗಳಿಗೆ 10 ಡಾಲರ್ ನಮ್ಮ ರೂಪಾಯಿ ಲೆಕ್ಕದಲ್ಲಿ ಕಡಿಮೆ ಅಲ್ಲ. ಹುಡುಕಾಟವೇ ಕೆಲಸ ಆಗಿರುವವರಿಗೆ ಸರಿ, ಉಳಿದವರಿಗೆ ಡಕ್‌ಡಕ್‌ಗೋ ಸಾಕು.

ಪಾಸ್‌ವರ್ಡ್‌ಗಳನ್ನು ಬ್ರೌಸರ್‌ನಲ್ಲೇ ಉಳಿಸಬಹುದಾ?

ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ನನ್ನ ಹಾಗೆ ಬ್ರೌಸರ್ ಬದಲಾಯಿಸುವವರಿಗೆ ಬಿಟ್‌ವಾರ್ಡನ್ ತರಹದ ಬೇರೆ ಪಾಸ್‌ವರ್ಡ್ ಮ್ಯಾನೇಜರ್ ಅನುಕೂಲ. ಪಾಸ್‌ಕೀ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀಲಿ) ಕೊಡುವ ತಾಣಗಳಲ್ಲಿ ಅದನ್ನೇ ಆರಿಸಿ. ಬೆರಳಚ್ಚು ಇಟ್ಟರೆ ಒಳಗೆ ಬಿಡುತ್ತದೆ. ಆ ಕೀಲಿ ಅಸಲಿ ತಾಣದ ವಿಳಾಸಕ್ಕೆ ಕಟ್ಟಿಕೊಂಡಿರುವುದರಿಂದ ನಕಲಿ ಪುಟದಲ್ಲಿ ಅದು ಕೆಲಸವೇ ಮಾಡುವುದಿಲ್ಲ.

ಅಮ್ಮನ ಫೋನಿನಲ್ಲಿ ‘ವೈರಸ್ ಬಂದಿದೆ’ ಅಂತ ದಿನವೂ ಮೆಸೇಜ್ ಬರುತ್ತದೆ. ಬ್ರೌಸರ್ ಬದಲಾಯಿಸಲಾ?

ಬೇಡ. ಫೋನಿಗೆ ಏನೂ ಆಗಿರುವುದಿಲ್ಲ. ಯಾವುದೋ ಅಡುಗೆ ತಾಣವೋ ಧಾರಾವಾಹಿ ತಾಣವೋ ‘ನೋಟಿಫಿಕೇಶನ್ ಕಳಿಸಲಾ?’ ಅಂತ ಕೇಳಿರುತ್ತದೆ. ಪೆಟ್ಟಿಗೆ ಹೋದರೆ ಸಾಕು ಅಂತ ಅವರು ‘ಅನುಮತಿಸಿ’ ಒತ್ತಿರುತ್ತಾರೆ. ಮೆಸೇಜಿನ ಮೂಲೆಯಲ್ಲಿ ಸಣ್ಣದಾಗಿ ಕ್ರೋಮ್ ಗುರುತು ಇದೆಯಾ ನೋಡಿ. ಇದ್ದರೆ ಅದೇ ವಿಷಯ.

ಕ್ರೋಮ್ ತೆರೆಯಿರಿ. ಮೇಲಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿರುತ್ತದೆ. ಗೊತ್ತಿಲ್ಲದವನ್ನೆಲ್ಲ ತೆಗೆದುಹಾಕಿ, ಮೇಲಿರುವ ಮುಖ್ಯ ಸ್ವಿಚ್ಚನ್ನೂ ಆಫ್ ಮಾಡಿ. ವಾಟ್ಸ್‌ಆ್ಯಪ್ ಮೆಸೇಜುಗಳಿಗೂ ಇದಕ್ಕೂ ಸಂಬಂಧ ಇಲ್ಲ, ಅವು ಎಂದಿನಂತೆ ಬರುತ್ತವೆ.